ಎಡಬಾಗಿಲ ಮೇಲಿನ ಸಂದು

ಕಮಲಾಕರನ ಸಂಸಾರಕ್ಕೆ ಬಂದೊದಗಿದ ಗಂಡಾಂತರದ ಉದ್ದ ನಾಲ್ಕು ಅಡಿ, ಅಗಲ ಕಾಲು ಇಂಚು. ಅದು ಇದ್ದದ್ದು ಅವನ ಹಳೆಯ ಫಿಯೆಟ್ ಕಾರಿನ ಎಡಬಾಗಿಲ ಮೇಲೆ, ಮಾಡಿನ ತಗಡು ಪಕ್ಕದ ತಗಡನ್ನು ಕೂಡುವ ಸಂದಿನಲ್ಲಿ. ನಲವತ್ತು ವರ್ಷ ಕರಾವಳಿಯ ಉಪ್ಪುಗಾಳಿ ಕುಡಿದ ಆ ಸಂದು ಒಂದು ಕಡೆ ತುಕ್ಕು ಹಿಡಿದು, ಕಿರುಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು.

ಬಾಯಿ ಬಿಟ್ಟರೆ ಬಿಡಲಿ ಎನ್ನಬಹುದಿತ್ತು. ಆದರೆ ಸರಿಯಾಗಿ ಅದರ ಕೆಳಗೆ ಕೂರುತ್ತಿದ್ದವಳು ಅವನ ಹೆಂಡತಿ ವನಮಾಲಾ. ಕಳೆದ ಮಳೆಗಾಲದಲ್ಲಿ ಹೊನ್ನಾವರದಿಂದ ಕುಮಟೆಗೆ ಮದುವೆಗೆಂದು ಹೊರಟಾಗ ತುಕ್ಕಿನ ನೀರು ಅವಳ ನವಿಲುಬಣ್ಣದ ರೇಷ್ಮೆ ಸೀರೆಯ ಮೇಲೆ ತೊಟ್ಟಿಕ್ಕಿತ್ತು. ಮದುವೆಮನೆಯಲ್ಲಿ ಎದುರಾದವರೆಲ್ಲ "ಎಂತ, ಚಾ ಚೆಲ್ಲಿಕಂಡ್ಯಾ?" ಎಂದು ಕೇಳಿದರು. ಒಟ್ಟು ಹದಿನೇಳು ಜನ. ಹದಿನೇಳೂ ಜನರ ಹೆಸರನ್ನು ವನಮಾಲಾ ಗಂಡನಿಗೆ ಆಗಾಗ ಮಗ್ಗಿಯಂತೆ ಒಪ್ಪಿಸುತ್ತಿದ್ದಳು.

ಈಗ ಮತ್ತೆ ಜೂನ್ ಬಂದಿತ್ತು. ಭಾನುವಾರ ಸಂಜೆ ಕುಮಟೆಯಲ್ಲಿ ಅವಳ ತಮ್ಮ ಪ್ರದೀಪನ ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಅತ್ತೆ ಇವಳೇ. ಶನಿವಾರವೇ ಅವಳು ತೀರ್ಪು ಕೊಟ್ಟಿದ್ದಳು.

"ನಾಳೆ ನಾಲ್ಕು ಗಂಟೆಗೆ ಹೊರಡೂದು. ನಿಮ್ಮ ಕಾರಲ್ಲೇ ಬತ್ತೆ. ಆದ್ರೆ ನನ್ನ ಸೀರೆ ಮೇಲೆ ಒಂದು ಹನಿ, ಒಂದೇ ಒಂದು ಹನಿ ನೀರು ಬಿತ್ತು ಅಂದ್ರೆ ಗುಜರಿಯವ್ನಿಗೆ ಫೋನ್ ಮಾಡ್ತೆ. ನಂಬರ್ ಇಟ್ಕಂಡೇ ಇದ್ದೆ."

ಕಮಲಾಕರನಿಗೆ ಅದು ಬರೀ ಕಾರಲ್ಲ. ಏಳು ವರ್ಷದವನಿದ್ದಾಗ ವಿಪರೀತ ಜ್ವರ ಬಂದು, ಮುಟ್ಟಳ್ಳಿಯ ಡಾಕ್ಟರು ಅವನನ್ನು ಇದೇ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಭಟ್ಕಳದ ಆಸ್ಪತ್ರೆಗೆ ಸೇರಿಸಿದ್ದರು. ಆಸ್ಪತ್ರೆ ಮುಟ್ಟುವ ಮೊದಲೇ, ಸೀಟಿನ ವಾಸನೆಗೇ ಜ್ವರ ಇಳಿಯಿತು ಎಂದು ಅವನು ಇವತ್ತಿಗೂ ನಂಬಿದ್ದ. ಎರಡು ವರ್ಷದ ಹಿಂದೆ ಡಾಕ್ಟರ ಮಕ್ಕಳು ಕೊಟ್ಟಿಗೆಯಲ್ಲಿ ಕೋಳಿ ಕಾವಿಗೆ ಕೂತಿದ್ದ ಅದೇ ಸೀಟಿನ ಸಮೇತ ಕಾರನ್ನು ಬಿಟ್ಟುಕೊಟ್ಟಾಗ ಅವನು ಕಣ್ಣೀರು ಒರೆಸಿಕೊಂಡಿದ್ದ. ಅಂದಿನಿಂದ ರಜೆಯ ದಿನಗಳೆಲ್ಲ ಅದಕ್ಕೇ. ಇಂಜಿನ್ ಬಿಚ್ಚಿಸಿ ಜೋಡಿಸಿದ್ದಾಯಿತು, ತಗಡು ಕೆರೆದು ಬಣ್ಣ ಹೊಡೆಸಿದ್ದಾಯಿತು. ಉಳಿದದ್ದು ಮಾಡಿನ ಒಳಗೆ ಬಟ್ಟೆ ಹೊಲಿಸುವುದು, ಮತ್ತು ಆ ಸಂದು.

ಸಂದು ಉಳಿದದ್ದು ಸೋಮಾರಿತನದಿಂದಲ್ಲ, ವಿದ್ಯೆಯಿಂದ. ಕಮಲಾಕರ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಸಂದು ಮುಚ್ಚಲು ಯಾವ ಸೀಲರ್ ಹಚ್ಚಬೇಕು ಎಂದು ತಿಳಿಯಲು ನಾಲ್ಕು ತಿಂಗಳಿಂದ ಮೊಬೈಲಿನಲ್ಲಿ ವಿಡಿಯೋ ನೋಡುತ್ತಿದ್ದ. ಸಿಲಿಕಾನ್ ಹಚ್ಚಿದರೆ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಬ್ರಶ್ಶಿನಲ್ಲಿ ಬಳಿಯುವುದು ಇಳಿಜಾರಿನಲ್ಲಿ ಇಳಿದುಬಿಡುತ್ತದೆ. ಗನ್ನಿನಲ್ಲಿ ಒತ್ತುವ ರಬ್ಬರಿನಂಥದ್ದು ಒಳ್ಳೆಯದು, ಆದರೆ ಅದರಲ್ಲಿ ಆರು ತರ. ರಷ್ಯಾದ ಒಬ್ಬ ಮುದುಕ ಹೇಳುತ್ತಿದ್ದುದು ಒಂದಕ್ಷರ ಅರ್ಥವಾಗದಿದ್ದರೂ ಅವನ ಮುಖ ನೋಡಿದರೆ ನಂಬಿಕೆ ಬರುತ್ತಿತ್ತು. ಇನ್ನೂರು ಪುಟದ ನೋಟ್‌ಬುಕ್ ತುಂಬಿ, ಗುಣದೋಷಗಳ ಕೋಷ್ಟಕ ಗೋಡೆಗೇರಿ, ಕೊನೆಗೆ ಭಾನುವಾರ ಬೆಳಗಿನ ಚಹಾ ಕುಡಿಯುವಾಗ ಮಾಸ್ತರರು ತೀರ್ಮಾನಕ್ಕೆ ಬಂದರು. ಗನ್ನಿನದೇ ಸೈ.

ಹೊನ್ನಾವರದಲ್ಲಿ ಭಾನುವಾರ ಬಣ್ಣದ ಅಂಗಡಿಗಳು ಬಾಗಿಲು ಹಾಕಿದ್ದವು. ಭಟ್ಕಳದಲ್ಲಿ ರಜೆ ಶುಕ್ರವಾರ, ಭಾನುವಾರ ಜೋರು ವ್ಯಾಪಾರ. ಕಮಲಾಕರ ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟ. ಹೊರಡುವಾಗ ಎದುರುಮನೆಯ ವೆಂಕಟನಿಗೆ ಒಂದು ಮಾತು ಹೇಳಿದ.

"ವೆಂಕಟಾ, ಕಾರಿನ ಬದಿಗೆ ಒಂಚೂರು ಲಕ್ಷ್ಯ ಇರ್ಲಿ. ಮಳೆ ಬಂದ್ರೆ ತಾಡಪತ್ರಿ ಎಳೆ."

"ನೀವು ನಿಶ್ಚಿಂತೆಯಿಂದ ಹೋಗಿ ಮಾಸ್ತರೆ," ಎಂದ ವೆಂಕಟ.

ವೆಂಕಟ ಶರಾವತಿ ದಂಡೆಯ ದೋಣಿಗಳ ಸಂದು ಮುಚ್ಚುವವನು. ಹಲಗೆ ಹಲಗೆಯ ನಡುವೆ ಹತ್ತಿ ತುರುಕಿ, ರಾಳ ಎಣ್ಣೆ ಕಾಸಿ ಬಳಿದನೆಂದರೆ ಆ ದೋಣಿ ಕಡಲಿನಲ್ಲಿ ಹತ್ತು ವರ್ಷ ಬಾಯಿ ಮುಚ್ಚಿಕೊಂಡಿರುತ್ತದೆ ಎಂದು ಪ್ರತೀತಿ. ಆದರೆ ಈಗ ಸರಕಾರ ಮೀನುಗಾರಿಕೆಗೆ ಎರಡು ತಿಂಗಳ ರಜೆ ಹಾಕಿತ್ತು. ರಿಪೇರಿ ಎಲ್ಲ ಮೇ ತಿಂಗಳಲ್ಲೇ ಮುಗಿದು ವೆಂಕಟ ಕೈಕಟ್ಟಿ ಜಗಲಿಯ ಮೇಲೆ ಕೂತಿದ್ದ. ಕೆಲಸವಿಲ್ಲದ ಕಸಬುದಾರನ ಎದುರಿಗೆ ತೂತಿರುವ ವಸ್ತುವನ್ನು ಬಿಟ್ಟುಹೋಗಬಾರದು ಎಂಬ ಸಂಗತಿ ಎಂಟನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಇರಲಿಲ್ಲ.

ಭಟ್ಕಳದ ಬಣ್ಣದ ಅಂಗಡಿಯಲ್ಲಿ ಮೊಹಿದ್ದೀನ ಸಾಹೇಬರು ಆರು ತರದ ಟ್ಯೂಬನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಕಮಲಾಕರ ನೋಟ್‌ಬುಕ್ ಬಿಚ್ಚಿದ. ಎಷ್ಟು ಬಿಸಿ ತಡೆಯುತ್ತದೆ, ಎಷ್ಟು ಬಾಗುತ್ತದೆ, ಉಪ್ಪುಗಾಳಿಗೆ ಬಿರಿಯುತ್ತದೆಯೇ, ಎಂದು ಒಂದೂವರೆ ತಾಸು ವಿಚಾರಣೆ ನಡೆಯಿತು.

"ಮಾಸ್ತರ್ ಸಾಬ್, ನನ್ನ ಮಗಳಿಗೆ ಗಂಡು ನೋಡುವಾಗ್ಲೂ ನಾ ಇಷ್ಟು ಕೇಳ್ಲಿಲ್ಲ," ಎಂದರು ಸಾಹೇಬರು.

ಕೊನೆಗೆ ಬೂದು ಬಣ್ಣದ ಟ್ಯೂಬೊಂದನ್ನು ಅವರೇ ಅವನ ಕೈಗೆ ತುರುಕಿದರು. "ಇದನ್ನೇ ಹಚ್ಚಿ. ಒಂದು ತಾಸಿಗೆ ಮೇಲೆ ಒಣಗಿದ ಹಾಗೆ ಕಾಣ್ತದೆ. ಒಳಗೆ ಗಟ್ಟಿ ಆಗ್ಲಿಕ್ಕೆ ಪೂರಾ ಒಂದು ದಿನ ಬೇಕು. ಅಲ್ಲಿ ತನಕ ಬೆರಳು ಹಾಕ್ಬೇಡಿ."

"ನಾಲ್ಕು ಗಂಟೆಗೆ ಹೊರಡ್ಬೇಕು ನಾನು."

"ಹೊರಡಿ. ಬೆರಳು ಹಾಕ್ಬೇಡಿ, ಅಷ್ಟೇ."

ಮಧ್ಯಾಹ್ನ ಹನ್ನೆರಡೂವರೆಗೆ ಓಣಿಗೆ ಕಾಲಿಟ್ಟ ಕಮಲಾಕರನಿಗೆ ಮೊದಲು ಬಂದದ್ದು ವಾಸನೆ. ರಾಳ ಕಾಯಿಸಿದ ವಾಸನೆ, ಹಸಿ ಸಿಮೆಂಟಿನ ವಾಸನೆ, ಅದರ ಜೊತೆಗೆ ಯಾಕೋ ಹಲಸಿನ ಹಣ್ಣಿನ ವಾಸನೆ. ಕಾರಿನ ಸುತ್ತ ಜನ ನಿಂತಿದ್ದರು.

"ಬನ್ನಿ ಮಾಸ್ತರೆ, ಬನ್ನಿ!" ವೆಂಕಟ ಹೆಮ್ಮೆಯಿಂದ ಕರೆದ. "ನೀವು ಯಾವಾಗ್ಲೂ ಒಂದು ತೂತು ಅಂತಿದ್ರಿ. ನಾ ನೋಡಿದ್ರೆ ಒಟ್ಟೂ ಮೂವತ್ತೆರಡು ತೂತು ಅದೆ! ಬಾಗಿಲ ಬುಡದಲ್ಲಿ, ನೆಲದಲ್ಲಿ, ಎದುರಿನ ಗಾಜಿನ ಕೆಳಗೆ ಉದ್ದುದ್ದ ಸೀಳು. ಎಲ್ಲ ಮುಚ್ಚಿ ಕೊಟ್ಟಿದ್ದೆ."

"ಅಯ್ಯೋ ಮಾರಾಯಾ! ಅವು ನೀರು ಹರಿದು ಹೋಗ್ಲಿಕ್ಕೆ ಬಿಟ್ಟ ತೂತು! ಎದ್ರಿಂದು ಗಾಳಿ ಬರೂ ಜಾಗ!"

ವೆಂಕಟ ಕರುಣೆಯಿಂದ ನಕ್ಕ. "ದೋಣಿಗೆ ಹತ್ತು ತೂತು ಬಿದ್ರೆ ಒಂಬತ್ತು ಮುಚ್ಚಿ ಒಂದು ಬಿಡೂದಾ ಮಾಸ್ತರೆ?"

ಇದು ಇಷ್ಟಕ್ಕೇ ನಿಂತಿರಲಿಲ್ಲ. ರಾಳದ ಹೊಗೆ ಕಂಡು ಹಿಂದಿನ ಮನೆಯ ನಾಗಪತಿ ಓವರ್ಸಿಯರು ಇಳಿದು ಬಂದಿದ್ದರು. ನಿವೃತ್ತರಾಗಿ ಹನ್ನೆರಡು ವರ್ಷವಾಗಿದ್ದರೂ ಓಣಿಯಲ್ಲಿ ಎಲ್ಲಿ ಏನು ಕಟ್ಟಿದರೂ ಅವರ ತಪಾಸಣೆ ತಪ್ಪುತ್ತಿರಲಿಲ್ಲ. ತಮ್ಮ ಟೆರೇಸಿಗೆ ತಂದು ಮಿಕ್ಕ ವಾಟರ್‌ಪ್ರೂಫ್ ಸಿಮೆಂಟ್ ಕಲಸಿ, ಎದುರಿನ ಮತ್ತು ಹಿಂದಿನ ಗಾಜಿನ ಸುತ್ತಲೂ, ವೆಂಕಟ ಮುಚ್ಚಿದ್ದ ಸೀಳುಗಳ ಮೇಲೂ ಎರಡು ಬೆರಳು ದಪ್ಪಕ್ಕೆ ಗಿಲಾಯಿ ಮಾಡಿದ್ದರು.

"ರಾಳ ಗೀಳ ಎಲ್ಲ ಹಳೇ ಪದ್ಧತಿ ಕಮಲಾಕರಾ," ಎಂದರು. "ನಾ ಕಟ್ಸಿದ ಸೇತುವೆ ಇನ್ನೂ ನಿಂತದೆ. ನಾಳೆ ಬೆಳಿಗ್ಗೆ ಮರೀದೆ ಎರಡು ಚೆಂಬು ನೀರು ಹೊಡಿ, ಕ್ಯೂರಿಂಗ್ ಆಗ್ಬೇಕು."

ಇವರಿಬ್ಬರ ವಾದ ಕೇಳಿ ತರಕಾರಿ ಮಾರಲು ಬಂದಿದ್ದ ನಾಗಮ್ಮ ಬುಟ್ಟಿ ಇಳಿಸಿದ್ದಳು. ಬುಟ್ಟಿಯಲ್ಲಿ ಕೊಯ್ದ ಹಲಸಿತ್ತು. ಹಲಸಿಗೆ ಮೇಣವಿತ್ತು. ಅವಳು ಮೇಣವನ್ನೆಲ್ಲ ಕೋಲಿಗೆ ಸುತ್ತಿ, ಬೆಂಕಿಗೆ ಹಿಡಿದು ಕರಗಿಸಿ, ಮುಚ್ಚಿದ್ದ ನಾಲ್ಕೂ ಕಿಟಕಿಯ ಗಾಜಿನ ಅಂಚಿಗೆ ಸುತ್ತಲೂ ಮೆತ್ತಿದ್ದಳು.

"ಇದ್ರ ಎದ್ರಿಗೆ ನಿಮ್ಮ ಟೂಬು ಗೀಬು ಎಂತದೂ ಇಲ್ಲ ಮಾಸ್ತರೆ. ನನ್ನ ತೂತಾದ ಹಂಡೆ ಇಪ್ಪತ್ತು ವರ್ಷಾತು, ಮೇಣದಲ್ಲೇ ನಿಂತದೆ!"

ಕಮಲಾಕರ ಒಂದು ಕಿಟಕಿಯ ಹಿಡಿಕೆ ತಿರುಗಿಸಿ ನೋಡಿದ. ಹಿಡಿಕೆ ಕೈಗೆ ಬಂತು, ಗಾಜು ಅಲುಗಲಿಲ್ಲ. ಅಳು ಬರುವಂತಾಗಿ ಒಳಗೆ ಹೋದರೆ ವನಮಾಲಾ ಮೂರು ಜನಕ್ಕೂ ಎರಡನೇ ಸಲ ಚಹಾ ಸೋಸುತ್ತಿದ್ದಳು.

"ನೀ ಆದ್ರೂ ಬೇಡ ಹೇಳೂದಲ್ವಾ?"

"ಯಾಕೆ ಹೇಳ್ಲಿ? ನೀವು ನಾಲ್ಕು ತಿಂಗಳು ಬರೀ ಓದಿದ್ರಿ. ಅವ್ರು ನಾಲ್ಕು ತಾಸಲ್ಲಿ ಮಾಡಿ ಮುಗ್ಸಿದ್ರು. ಪಾಪ, ಊಟಾನೂ ಬಿಟ್ಟು."

ಉಪಕಾರ ಮಾಡಿದವರನ್ನು ಬಯ್ಯುವುದು ಕಮಲಾಕರನ ಜಾಯಮಾನದಲ್ಲಿ ಇರಲಿಲ್ಲ. ಇದ್ದಿದ್ದರೆ ಅವನು ಮಾಸ್ತರನಾಗುತ್ತಲೇ ಇರಲಿಲ್ಲ, ಓವರ್ಸಿಯರನಾಗುತ್ತಿದ್ದ. ಅವನು ಹೊರಗೆ ಬಂದು ಒಂದೇ ಪ್ರಶ್ನೆ ಕೇಳಿದ. "ಎಡಬಾಗಿಲ ಮೇಲಿನ ಸಂದು?"

"ಅದನ್ನ ನಾವು ಮುಟ್ಟಲೇ ಇಲ್ಲ," ಎಂದರು ಓವರ್ಸಿಯರು ಗಂಭೀರವಾಗಿ. "ಎಷ್ಟಂದ್ರೂ ಮುಖ್ಯವಾದ ಸಂದು. ಯಜಮಾನನ ಕೈಯಿಂದ್ಲೇ ಆಗ್ಲಿ ಹೇಳಿ ಬಿಟ್ಟಿದ್ದು."

ನಾಗಮ್ಮ ಯಾರದೋ ಮನೆಯಿಂದ ಅರಿಸಿನ ಕುಂಕುಮ ತಂದೇಬಿಟ್ಟಳು. ಓಣಿಯವರೆಲ್ಲ ನೋಡುತ್ತಿರುವಾಗ, ಸಂದಿಗೆ ಕುಂಕುಮ ಹಚ್ಚಿದ ಮೇಲೆ, ಕಮಲಾಕರ ಗನ್ನಿಗೆ ಟ್ಯೂಬು ತುಂಬಿ ಒತ್ತಿದ. ಬೂದು ಗೆರೆ ನಾಲ್ಕು ಅಡಿ ಉದ್ದಕ್ಕೂ ಎಲ್ಲೂ ಕಡಿಯದೆ ಇಳಿಯಿತು. ಬೆರಳನ್ನು ಸಾಬೂನು ನೀರಿಗೆ ಅದ್ದಿ ಸವರಿದ. ಆ ಗೆರೆ ನೋಡಿ ಅವನಿಗೆ ಮೈಯೆಲ್ಲ ಹಗುರವಾಯಿತು. ರಷ್ಯಾದ ಮುದುಕ ನೋಡಿದ್ದರೆ ಬೆನ್ನು ತಟ್ಟುತ್ತಿದ್ದ. ರಾಳವೋ ಸಿಮೆಂಟೋ ಇರಲಿ, ಕಾರು ಉಳಿಯಿತಲ್ಲ ಎಂದುಕೊಂಡು ಅವನು ಸಂತೋಷದಿಂದ ಊಟಕ್ಕೆ ಕೂತ.

ಮಜ್ಜಿಗೆ ಅನ್ನ ಕಲಸುವ ಹೊತ್ತಿಗೆ ಹೊರಗೆ ದಬದಬ ಸದ್ದು ಕೇಳಿಸಿತು. ಎಂಜಲು ಕೈಯಲ್ಲೇ ಓಡಿದ. ವೆಂಕಟ ಕಾರಿನ ಬಾಗಿಲು ತೆರೆದು, ಬಾವಿಯಿಂದ ಸೇದಿದ ನೀರನ್ನು ಕೊಡ ಕೊಡವಾಗಿ ಒಳಗೆ ಸುರಿಯುತ್ತಿದ್ದ.

"ಎಂತ ಮಾಡ್ತಾ ಇದ್ಯೋ!"

"ಪರೀಕ್ಷೆ ಮಾಸ್ತರೆ. ದೋಣಿ ನೀರಿಗೆ ಇಳ್ಸೂ ಮೊದ್ಲು ಒಳಗೆ ನೀರು ಹೊಯ್ದು ನೋಡೂದು ನಮ್ಮ ಕ್ರಮ. ಒಳಗಿಂದು ಹೊರಗೆ ಬರ್ಲಿಲ್ಲ ಅಂದ್ರೆ ಹೊರಗಿಂದು ಒಳಗೆ ಬರೂದಿಲ್ಲ." ವೆಂಕಟ ಅಂಗಾತ ಮಲಗಿ ಕಾರಿನ ಅಡಿಗೆ ಕಣ್ಣು ಹಾಯಿಸಿದ. "ನೋಡಿ ಬೇಕಾರೆ, ಒಂದು ಹನಿ ಸೋರ್ಲಿಲ್ಲ!"

ನೀರು ಸೋರಲಿಲ್ಲ, ಅದೇ ಸಮಸ್ಯೆಯಾಯಿತು. ಎಂಟು ಕೊಡ ನೀರು ಗೇರ್ ಹಿಡಿಕೆಯ ಸುತ್ತ ಹೊಂಡದಂತೆ ನಿಂತಿತ್ತು. ಕೆಳಗಿನ ತೂತೆಲ್ಲ ರಾಳದಿಂದ ಕಲ್ಲಾಗಿತ್ತು. ಒಂದನ್ನಾದರೂ ಬಿಚ್ಚು ಎಂದರೆ ವೆಂಕಟ ಮುಖ ಊದಿಸಿಕೊಂಡ. ತನ್ನ ಕೆಲಸವನ್ನು ತಾನೇ ಒಡೆದ ಚರಿತ್ರೆಯೇ ಇಡೀ ಬಂದರದಲ್ಲಿ ಇಲ್ಲ ಎಂದ. ಕೊನೆಗೆ ಕಮಲಾಕರ, ವೆಂಕಟ, ನಾಗಮ್ಮ ತೆಂಗಿನ ಗೆರಟೆಯಿಂದ ಗೋರಿದರು, ಓವರ್ಸಿಯರು ದಂಡೆಯ ಮೇಲೆ ನಿಂತು ನೀರಿನ ಮಟ್ಟ ಹೇಳಿದರು. ಬಟ್ಟೆಯಿಂದ ಒರೆಸಿ, ಹಸಿ ನೆಲದ ಮೇಲೆ ಗೋಣಿ, ಗೋಣಿಯ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಚಾಪೆ ಹಾಸುವಾಗ ಮೂರು ಮುಕ್ಕಾಲು.

ನಾಲ್ಕಕ್ಕೆ ಸರಿಯಾಗಿ ವನಮಾಲಾ ಹೊಸ ಕಡುಗೆಂಪು ರೇಷ್ಮೆ ಸೀರೆ ಉಟ್ಟು ಹೊರಬಂದಳು. ಚಾಪೆ ಮುಟ್ಟಿ ನೋಡಿದಳು, ಸೀಟು ಮುಟ್ಟಿ ನೋಡಿದಳು, ಮೇಲೆ ನೋಡಿ ಕೂತಳು. ಪಡುವಣದಲ್ಲಿ ಮೋಡ ಕಟ್ಟಿತ್ತು. ಓಣಿಯವರು ಕೈಬೀಸಿದರು.

ಕರ್ಕಿಯ ಸೇತುವೆ ದಾಟುತ್ತಿದ್ದಂತೆ ಮಳೆ ಹೊಡೆಯಿತು. ಮಾಡಿನ ಮೇಲೆ ಜಲ್ಲಿ ಸುರಿದಂಥ ಸದ್ದು. ಕಮಲಾಕರ ಕಣ್ಣಂಚಿನಲ್ಲಿ ಬೂದು ಗೆರೆಯತ್ತ ನೋಡಿದ. ಒಣಗಿತ್ತು. ವನಮಾಲಾ ಕೂಡ ನೋಡಿದಳು. ಐದು ನಿಮಿಷ ಕಳೆದರೂ ಒಂದು ಹನಿ ಇಳಿಯಲಿಲ್ಲ.

"ಅಡ್ಡಿಲ್ಲ," ಎಂದಳು. ಎರಡು ವರ್ಷದಲ್ಲಿ ಆ ಕಾರಿಗೆ ಅವಳ ಬಾಯಿಂದ ಬಂದ ಮೊದಲ ಪ್ರಶಸ್ತಿ ಅದು. ಕಮಲಾಕರನಿಗೆ ಹಾಡಬೇಕೆನಿಸಿತು.

ಹಳದೀಪುರ ಬರುವಾಗ ಹಾಡುವ ಆಸೆ ಹೋಗಿ ಉಸಿರಾಡುವ ಆಸೆ ಹುಟ್ಟಿತು. ಇಂಜಿನ್ನಿನ ಬಿಸಿಗೆ ಚಾಪೆಯಡಿಯ ಹಸಿ ಗೋಣಿ ಹಬೆ ಬಿಡತೊಡಗಿತ್ತು. ಹಬೆ ಹೋಗಲು ದಾರಿಯಿಲ್ಲ. ಎದುರಿನ ಗಾಜು ಒಳಗಿನಿಂದ ಹಾಲಿನಂತೆ ಬೆಳ್ಳಗಾಯಿತು. ವರ್ಷ ವರ್ಷವೂ ಎಂಟನೇ ತರಗತಿಗೆ ಆವಿಯಾಗುವುದನ್ನೂ ಮತ್ತೆ ನೀರಾಗುವುದನ್ನೂ ಚಿತ್ರ ಬರೆದು ಕಲಿಸಿದ್ದ ಮಾಸ್ತರರು ಈಗ ಚಿತ್ರದ ಒಳಗೇ ಕೂತು ಕರವಸ್ತ್ರದಲ್ಲಿ ಗಾಜು ಒರೆಸಿದರು. ಪಕ್ಕದಲ್ಲಿ ವನಮಾಲಾ ಕೊಟ್ಟೆ ಕಡುಬಿನಂತೆ ಬೇಯುತ್ತಿದ್ದಳು.

"ಕಿಟಕಿ ತೆಗೀರಿ!"

"ನಾಗಮ್ಮನ ಮೇಣ."

"ಎದ್ರಿಗೆ ಗಾಳಿ ಬರೂ ಜಾಗ?"

"ಓವರ್ಸಿಯರ ಸಿಮೆಂಟು."

ಅವನು ರಸ್ತೆಯ ಬದಿಗೆ ಕಾರು ನಿಲ್ಲಿಸಿ ತನ್ನ ಕಡೆಯ ಬಾಗಿಲನ್ನು ಗೇಣುದ್ದ ತೆರೆದ. ಅದೇ ಹೊತ್ತಿಗೆ ಹಾದುಹೋದ ಲಾರಿಯೊಂದು ಹೆದ್ದಾರಿಯ ಹೊಂಡದ ಕೆಸರನ್ನೆಲ್ಲ ಎತ್ತಿ ಅವನ ಮುಖಕ್ಕೆ ಎರಚಿತು.

"ಬಾಗಿಲು ಹಾಕ್ರೀ! ನನ್ನ ಸೀರೆ!" ವನಮಾಲಾ ಕಿರುಚಿದಳು. ಆ ಕಡೆ ತೆರೆದರೆ ಲಾರಿ, ಈ ಕಡೆ ತೆರೆದರೆ ಸಮುದ್ರದಿಂದ ಅಡ್ಡ ಹೊಡೆಯುವ ಮಳೆ. ಬಾಗಿಲು ಮುಚ್ಚಿ ಮತ್ತೆ ಹೊರಟರು. ಗಾಜು ಮತ್ತೆ ಬೆಳ್ಳಗಾಯಿತು. ಕಮಲಾಕರ ಅಂದಾಜಿನ ಮೇಲೆ ಕುಮಟೆಯ ದಿಕ್ಕಿಗೆ ಹೋಗುತ್ತಿದ್ದ.

"ತಲೆ ತಿರುಗ್ತದೆ ನಂಗೆ," ಎಂದಳು ವನಮಾಲಾ. ಅವಳ ಸ್ವರ ನಿಜವಾಗಿಯೂ ಇಳಿದಿತ್ತು. "ಎಲ್ಲಾದ್ರೂ ಒಂದು ತೂತು ಮಾಡ್ರೀ ಮೊದ್ಲು! ಸತ್ತೇ ಹೋಗ್ತೆ!"

ಕಮಲಾಕರನಿಗೆ ಗಾಬರಿಯಾಯಿತು. ಎಷ್ಟಂದರೂ ಹೆಂಡತಿ, ಹದಿನೆಂಟು ವರ್ಷದ ಸಂಸಾರ. ಕಾರು ನಿಲ್ಲಿಸಿ ಸ್ಕ್ರೂಡ್ರೈವರ್ ತೆಗೆದುಕೊಂಡ. ನೆಲದ ರಾಳಕ್ಕೆ ಚುಚ್ಚಿದ, ಸ್ಕ್ರೂಡ್ರೈವರ್ ಜಾರಿತು. ಸಿಮೆಂಟಿಗೆ ಕುಟ್ಟಿದ, ತುದಿ ಬಾಗಿತು. ಮೇಣಕ್ಕೆ ಹಾಕಿ ಮೀಟಿದ, ಅದು ಸ್ಕ್ರೂಡ್ರೈವರನ್ನೇ ಹಿಡಿದುಕೊಂಡಿತು. ಕಿತ್ತುಕೊಳ್ಳಲು ಎರಡು ಕೈ ಬೇಕಾದವು. ಮೂವರು ಮೂರು ಬಗೆಯಲ್ಲಿ ತಪ್ಪು ಜಾಗಕ್ಕೆ ಹಚ್ಚಿದ ತಪ್ಪು ವಸ್ತುಗಳೆಲ್ಲ ಬಂಡೆಯಂತೆ ನಿಂತಿದ್ದವು.

ಇಡೀ ಕಾರಿನಲ್ಲಿ ಮೆತ್ತಗಿದ್ದದ್ದು ಒಂದೇ. ನಾಲ್ಕು ತಿಂಗಳು ಓದಿ ಆರಿಸಿದ, ಸರಿಯಾದ ಜಾಗಕ್ಕೆ ಹಚ್ಚಿದ, ಹಚ್ಚಿ ಇನ್ನೂ ನಾಲ್ಕು ತಾಸೂ ಆಗದ ಸರಿಯಾದ ಸೀಲರ್.

ಅವನು ಆ ಬೂದು ಗೆರೆಯನ್ನು ಒಂದು ಕ್ಷಣ ನೋಡಿದ. ಮತ್ತೆ ಹೆಂಡತಿಯ ಮುಖ ನೋಡಿದ. ಕಣ್ಣು ಮುಚ್ಚಿ ಸ್ಕ್ರೂಡ್ರೈವರ್ ಚುಚ್ಚಿದ. ತುಕ್ಕಿನ ತೂತು ಪುಸಕ್ಕನೆ ತೆರೆಯಿತು. ತಂಪು ಗಾಳಿ ಒಳಗೆ ನುಗ್ಗಿತು.

"ಅಬ್ಬಾ, ಜೀವ ಬಂತು!" ವನಮಾಲಾ ತೂತಿನತ್ತ ಮುಖ ಎತ್ತಿ ಉಸಿರೆಳೆದುಕೊಂಡಳು. ಗಾಜಿನ ಮೇಲಿನ ಬಿಳುಪು ಮೆಲ್ಲನೆ ಕರಗಿ ರಸ್ತೆ ಕಾಣಿಸಿತು. ಕಾರು ಮತ್ತೆ ಹೊರಟಿತು. ಧಾರೇಶ್ವರದವರೆಗೆ ಗಂಡ ಹೆಂಡತಿ ಹೊಸದಾಗಿ ಮದುವೆಯಾದವರ ಹಾಗೆ ಖುಷಿಯಲ್ಲಿದ್ದರು.

ಧಾರೇಶ್ವರ ದಾಟಿದ ಮೇಲೆ ತೂತಿನ ಅಂಚಿನಲ್ಲಿ ಒಂದು ಹನಿ ಕೂಡಿತು. ದಪ್ಪವಾಯಿತು. ಅದರೊಳಗೆ ತುಕ್ಕಿನ ಬಣ್ಣವಿತ್ತು, ಮೇಲೆ ಹಚ್ಚಿದ್ದ ಕುಂಕುಮದ ಬಣ್ಣವೂ ಇತ್ತು. ಇಬ್ಬರೂ ನೋಡಿದರು. ಹನಿ ವನಮಾಲಾಳ ಸೆರಗಿನ ಜರಿಯಂಚಿನ ಮೇಲೆ ಬಿತ್ತು. ಹಿಂದೆಯೇ ಇನ್ನೊಂದು. ಕುಮಟೆಯವರೆಗೂ ಆ ಕಾರಿನಲ್ಲಿ ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಪ್ರದೀಪ ಕೊಡೆ ಹಿಡಿದು ಅಂಗಳಕ್ಕೆ ಓಡಿಬಂದ. ಅಕ್ಕ ಇಳಿದು ಜಗಲಿಯ ಮೇಲೆ ನಿಂತು ಪರ್ಸಿನೊಳಗೆ ಏನನ್ನೋ ಹುಡುಕತೊಡಗಿದಳು. ಪ್ರದೀಪ ಕಾರಿನೊಳಗೆ ತಲೆ ತೂರಿಸಿ ಸಂದಿನ ತೂತಿಗೆ ಬೆರಳು ಹಾಕಿ ನೋಡಿದ.

"ಇಷ್ಟೇ ಅಲ್ದಾ ಭಾವಾ? ಇದಕ್ಕೆ ಒಂದು ನಮೂನೆ ಟ್ಯೂಬ್ ಬತ್ತದೆ. ಯಾವ್ದು ಹೇಳಿ ನಾ ಹೇಳ್ತೆ. ನೀವು ಒಂದು ಮಾತು ಮೊದ್ಲೇ ನನ್ನ ಕೇಳ್ಬೇಕಿತ್ತು."

ಕಮಲಾಕರ ಮಳೆಯಲ್ಲಿ ನೆನೆಯುತ್ತ ಜಗಲಿಗೆ ಓಡಿದ. ವನಮಾಲಾ ಮೊಬೈಲು ಕಿವಿಗೆ ಹಿಡಿದಿದ್ದಳು.

"ಇದು ನ್ಯಾಯ ಅಲ್ಲ ಮಾರಾಯ್ತಿ! ಕಾರು ಸೋರ್ಲಿಲ್ಲ. ನಾನಾಗಿ ಚುಚ್ಚಿದ್ದು. ತೂತು ಮಾಡಿ ಹೇಳಿ ನೀನೇ ಹೇಳಿದ್ದಲ್ವಾ?"

"ತೂತು ಮಾಡಿ ಅಂದದ್ದು ಹೌದು," ಎಂದಳು ವನಮಾಲಾ. "ನೀರು ಬಿಡಿ ಅಂದಿದ್ನಾ?"

ಕಮಲಾಕರನಿಗೆ ಇದಕ್ಕೆ ಉತ್ತರ ಹೊಳೆಯುವಷ್ಟರಲ್ಲಿ ಆ ಕಡೆಯಿಂದ ಗುಜರಿಯವನು ಫೋನ್ ಎತ್ತಿದ.